ರಾಜಿ ಮಾಡಿಸಿದ ವಕೀಲರು: ಅಮ್ಮೆಂಬಳ ಸುಬ್ಬರಾವ್ ಪೈ

ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದವರಿಗೆಲ್ಲ ಲೆಕ್ಕಶಾಸ್ತ್ರದ ‘ಪಾಲುದಾರಿಕೆ ಸಂಸ್ಥೆಯ ವಿಸರ್ಜನೆ’ ಎಂಬ ಅಧ್ಯಾಯ ಗೊತ್ತು. ಆಸ್ತಿ ಮಾರಬೇಕು, ಸಾಲ ತೀರಿಸಬೇಕು, ಉಳಿದದ್ದನ್ನು ಪಾಲುದಾರರಿಗೆ ಹಂಚಬೇಕು, ಕೊನೆಗೆ ಎಲ್ಲ ಖಾತೆಗಳನ್ನೂ ಮುಚ್ಚಬೇಕು. ಎರಡೂ ಕಡೆಯ ಮೊತ್ತ ಸರಿಹೊಂದಿದರೆ ಪೂರ್ತಿ ಅಂಕ. ನನಗೆ ಆ ಲೆಕ್ಕ ಚೆನ್ನಾಗಿ ಬರುತ್ತದೆ. ಆದರೆ ಅದನ್ನು ಬಿಡಿಸುವಾಗಲೆಲ್ಲ ನನ್ನ ಮಾಮನ ಮುಖ ನೆನಪಾಗುತ್ತದೆ.

ಮಾಮ ಇಬ್ಬರು ಗೆಳೆಯರ ಜೊತೆ ಸೇರಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದರು. ಸಿಮೆಂಟು, ಕಬ್ಬಿಣ, ಪೈಪು, ಪೇಂಟು ಎಲ್ಲವೂ ಇತ್ತು. ಒಬ್ಬ ದೊಡ್ಡ ಗಿರಾಕಿ ತಿಂಗಳುಗಟ್ಟಲೆ ಸಾಲದಲ್ಲಿ ಮಾಲು ಕೊಂಡು ಹೋಗಿ ಹಣ ಕೊಡಲಿಲ್ಲ. ಮಾಲು ಕಳಿಸಿದ ಕಂಪನಿಗಳು ಮಾಮನ ಕುತ್ತಿಗೆಗೆ ಬಂದವು. ಜೊತೆಗಿದ್ದ ಇಬ್ಬರಲ್ಲಿ ಒಬ್ಬರು ಊರು ಬಿಟ್ಟರು, ಇನ್ನೊಬ್ಬರು ಫೋನು ಎತ್ತುವುದನ್ನು ಬಿಟ್ಟರು. ಮಾಮಿಯ ಚಿನ್ನ ಅಡವು ಹೋಯಿತು. ಪಾಲುದಾರಿಕೆಯಲ್ಲಿ ಹೊಣೆಗಾರಿಕೆ ಅಪರಿಮಿತ ಎಂದು ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ಎರಡು ಅಂಕದ ಪ್ರಶ್ನೆಗೆ ಬರೆದಿದ್ದೆ. ಅಂಗಡಿಯ ಸಾಲಕ್ಕೆ ಮನೆಯ ಜಾಗವೂ ಹೋಗಬಹುದು ಎಂಬುದು ಅದರ ಅರ್ಥ ಎಂದು ಗೊತ್ತಾದದ್ದು ಆ ವರ್ಷ.

ಮನೆಯಲ್ಲಿ ವಕೀಲರ ಮಾತು ಬಂದಾಗ ಉಮ್ಮ ಹೆದರಿದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆ ನಮ್ಮ ಮನೆಯಲ್ಲೂ ಇದೆ. ಆದರೆ ಮಾಮ ಹೋದ ವಕೀಲರು ಕೇಸು ಹಾಕಲಿಲ್ಲ. ಹಣ ಬರಬೇಕಾದ ಎಲ್ಲರನ್ನೂ ಒಂದೇ ದಿನ ತಮ್ಮ ಕಚೇರಿಗೆ ಕರೆದರು. ಅಂಗಡಿಯ ಲೆಕ್ಕದ ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ಇವತ್ತೇ ಬೀಗ ಹಾಕಿಸಿದರೆ ರೂಪಾಯಿಗೆ ಎಷ್ಟು ಪೈಸೆ ಸಿಗುತ್ತದೆ, ಅಂಗಡಿ ನಡೆಯಲು ಬಿಟ್ಟರೆ ಎಷ್ಟು ಸಿಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಸಂಜೆಯಾಗುವಾಗ ನಾಲ್ಕು ವರ್ಷದ ಕಂತಿಗೆ ಎಲ್ಲರೂ ಒಪ್ಪಿದ್ದರು. ಅಂಗಡಿ ಈಗ ಅರ್ಧಕ್ಕಿಳಿದಿದೆ, ಆದರೆ ಬಾಗಿಲು ತೆರೆದಿದೆ.

ಇಂಥ ಕೆಲಸವನ್ನೇ ವೃತ್ತಿಯಾಗಿ ಮಾಡುವ ವಕೀಲರು ಇದ್ದಾರೆಯೇ, ನಮ್ಮ ಜಿಲ್ಲೆಯಲ್ಲಿ ಹಿಂದೆ ಯಾರಾದರೂ ಇದ್ದರೇ ಎಂದು ನಮ್ಮ ಲೆಕ್ಕಶಾಸ್ತ್ರದ ಸರ್ ಅವರನ್ನು ಕೇಳಿದೆ. ಅವರು ನಕ್ಕು, ನನ್ನ ವಿದ್ಯಾರ್ಥಿವೇತನ ಬರುವ ಬ್ಯಾಂಕ್ ಯಾವುದು ಎಂದು ಕೇಳಿದರು. ಕೆನರಾ ಬ್ಯಾಂಕ್ ಎಂದೆ. ಅದನ್ನು ಕಟ್ಟಿದವರು ಯಾರು ಎಂದು ಓದಿಕೊಂಡು ಬಾ ಎಂದರು. ಹಾಗೆ ಓದಲು ಶುರು ಮಾಡಿದ್ದು ಅಮ್ಮೆಂಬಳ ಸುಬ್ಬರಾವ್ ಪೈಯವರ ಜೀವನ. ನನಗೆ ತಿಳಿದಷ್ಟನ್ನು ನಮ್ಮ ಪತ್ರಿಕೆಯ ಓದುಗರ ಜೊತೆ ಹಂಚಿಕೊಳ್ಳುತ್ತಿದ್ದೇನೆ.

ಸುಬ್ಬರಾವ್ ಪೈಯವರು ಹುಟ್ಟಿದ್ದು 1852ರ ನವೆಂಬರ್ 19ರಂದು, ಮೂಲ್ಕಿಯಲ್ಲಿ. ಹೆಸರಿನ ಮುಂದಿರುವ ಅಮ್ಮೆಂಬಳ ಬಂಟ್ವಾಳ ಕಡೆಯ ಊರು. ತಂದೆ ಉಪೇಂದ್ರ ಪೈಯವರು ಮೂಲ್ಕಿಯ ಮುನ್ಸೀಫ್ ಕೋರ್ಟಿನಲ್ಲಿ ವಕೀಲರು. ಅಂದರೆ ಸಾಲ, ಅಡವು, ಗೇಣಿ, ಪಾಲುಪಟ್ಟಿ ಇವುಗಳ ಜಗಳ ಬಾಲಕನಿಗೆ ಚಿಕ್ಕಂದಿನಿಂದಲೇ ಕಿವಿಗೆ ಬೀಳುತ್ತಿದ್ದ ಮಾತು. ಮಂಗಳೂರಿನಲ್ಲಿ ಓದಿ, ಮುಂದಿನ ಓದಿಗೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು.

ಮದ್ರಾಸಿಗೇ ಏಕೆ ಎಂದು ಈಗಿನ ನಮಗೆ ಆಶ್ಚರ್ಯವಾಗಬಹುದು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ನಮ್ಮ ಮೂಡುಬಿದಿರೆಯ ಜಮೀನಿನ ತಗಾದೆ ಮೇಲಿನ ಕೋರ್ಟಿಗೆ ಹೋದರೂ ಅದು ಹೋಗಿ ನಿಲ್ಲುತ್ತಿದ್ದುದು ಮದ್ರಾಸ್ ಹೈಕೋರ್ಟಿನಲ್ಲಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೂ ಮೂವತ್ತು ವರ್ಷ ಮೊದಲು ಇಲ್ಲಿನ ಹುಡುಗನೊಬ್ಬ ಮದ್ರಾಸಿಗೆ ಓದಲು ಹೋಗುವುದೆಂದರೆ ಇಂದು ನಮ್ಮ ಊರಿನವರು ವಿದೇಶಕ್ಕೆ ಹೋಗುವುದಕ್ಕಿಂತಲೂ ದೊಡ್ಡ ಪ್ರಯಾಣ. ಅಲ್ಲಿ ಪದವಿಯನ್ನೂ ಕಾನೂನನ್ನೂ ಮುಗಿಸಿ ಅವರು ಮದ್ರಾಸಿನಲ್ಲೇ ಉಳಿಯಬಹುದಿತ್ತು. ಉಳಿಯಲಿಲ್ಲ. ಮಂಗಳೂರಿಗೆ ಮರಳಿ ವಕೀಲಿ ಆರಂಭಿಸಿದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ, ಸಾಯುವ ತನಕ, ಮಂಗಳೂರೇ ಅವರ ಊರಾಯಿತು.

ಅವರ ವಕೀಲಿಯ ಬಗ್ಗೆ ಮಂಗಳೂರಿನಲ್ಲಿ ಇಂದಿಗೂ ಹೇಳುವ ಒಂದು ಸಂಗತಿ ಇದೆ. ಕಕ್ಷಿಗಾರ ಬಂದ ಕೂಡಲೇ ಅವರು ಫಿರ್ಯಾದು ಬರೆಯಲು ಕೂರುತ್ತಿರಲಿಲ್ಲ. ಮೊದಲು ಎರಡೂ ಕಡೆಯವರನ್ನು ಕೂರಿಸಿ ರಾಜಿ ಸಾಧ್ಯವೇ ಎಂದು ನೋಡುತ್ತಿದ್ದರು. ಸುಳ್ಳು ಕೇಸು ಮುಟ್ಟುತ್ತಿರಲಿಲ್ಲ. ರಾಜಿ ಆಗುವುದೇ ಇಲ್ಲ ಎಂದಾದ ಮೇಲೆ ಕೋರ್ಟು. ಇದನ್ನು ಮೊದಲ ಸಲ ಓದಿದಾಗ, ಒಳ್ಳೆಯವರ ಬಗ್ಗೆ ಎಲ್ಲರೂ ಹೇಳುವ ಮಾತಿರಬೇಕು ಎಂದುಕೊಂಡು ಮುಂದೆ ಹೋದೆ. ಆ ಕಾಲದ ಕಾನೂನು ಹೇಗಿತ್ತು ಎಂದು ತಿಳಿದ ಮೇಲೆ ಮತ್ತೆ ಅದೇ ಪುಟಕ್ಕೆ ಬಂದೆ.

ಆಗ ಸಾಲ ತೀರದಿದ್ದರೆ ಏನಾಗುತ್ತಿತ್ತು? ಸಾಲ ಕೊಟ್ಟವರು ಕೇಸು ಹಾಕಿ ಡಿಕ್ರಿ ಪಡೆಯುತ್ತಿದ್ದರು. ಡಿಕ್ರಿ ಬಂದ ಮೇಲೆ ಅಮಲ್ಜಾರಿ, ಅಂದರೆ ಕೋರ್ಟಿನ ತೀರ್ಪನ್ನು ಜಾರಿ ಮಾಡಿಸುವ ಕೆಲಸ. ಆಸ್ತಿ ಜಪ್ತಿ, ನಂತರ ಹರಾಜು. ಸಾಲಗಾರನನ್ನು ಸಿವಿಲ್ ಜೈಲಿಗೆ ಕಳಿಸಲೂ ಅವಕಾಶವಿತ್ತು. ಹರಾಜಿನಲ್ಲಿ ಅಡಿಕೆ ತೋಟಕ್ಕೆ ಅದರ ನಿಜವಾದ ಬೆಲೆ ಬರುವುದಿಲ್ಲ ಎಂದು ತೋಟ ಇರುವ ಮನೆಯವರಿಗೆಲ್ಲ ಗೊತ್ತು. ಮೊದಲು ಕೇಸು ಹಾಕಿದವನಿಗೆ ಹಣ ಸಿಗುತ್ತಿತ್ತು, ಕಾದು ಕುಳಿತ ಒಳ್ಳೆಯವನಿಗೆ ಏನೂ ಉಳಿಯುತ್ತಿರಲಿಲ್ಲ.

ಇಂಥ ಓಟದ ಸ್ಪರ್ಧೆಯನ್ನು ನಿಲ್ಲಿಸುವುದಕ್ಕೇ ದಿವಾಳಿ ಕಾನೂನು ಇರುವುದು. ಸಾಲಗಾರನ ಎಲ್ಲ ಆಸ್ತಿಯನ್ನೂ ಒಂದೇ ಕಡೆ ಸೇರಿಸಿ, ಹಣ ಬರಬೇಕಾದ ಎಲ್ಲರಿಗೂ ಪ್ರಮಾಣಕ್ಕೆ ತಕ್ಕಂತೆ ಹಂಚಿ, ಪ್ರಾಮಾಣಿಕ ಸಾಲಗಾರನಿಗೆ ಮತ್ತೆ ಬದುಕಲು ದಾರಿ ಮಾಡಿಕೊಡುವುದು. ಆದರೆ 1848ರ ದಿವಾಳಿ ಕಾಯ್ದೆ ಇದ್ದದ್ದು ಕಲ್ಕತ್ತ, ಮದ್ರಾಸ್, ಬೊಂಬಾಯಿ ಎಂಬ ಮೂರು ದೊಡ್ಡ ನಗರಗಳಿಗೆ. ಮಂಗಳೂರಿನಂಥ ಊರುಗಳಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕೆಲವು ಕಲಮುಗಳೇ ಗತಿ. ಜಿಲ್ಲೆಗಳಿಗೆ ಪ್ರತ್ಯೇಕ ದಿವಾಳಿ ಕಾಯ್ದೆ ಬಂದದ್ದು 1907ರಲ್ಲಿ. ಅಷ್ಟು ಹೊತ್ತಿಗೆ ಸುಬ್ಬರಾವ್ ಪೈಯವರ ವಕೀಲಿ ಬಹುತೇಕ ಮುಗಿದಿತ್ತು. ಅವರ ಇಡೀ ವೃತ್ತಿಜೀವನದಲ್ಲಿ ಒಬ್ಬ ರೈತನನ್ನೋ ವ್ಯಾಪಾರಿಯನ್ನೋ ಪೂರ್ತಿ ಮುಳುಗದಂತೆ ಉಳಿಸಲು ಇದ್ದ ನಂಬಬಹುದಾದ ಸಾಧನವೆಂದರೆ ರಾಜಿ. ಮಾಮನ ವಕೀಲರು ಮೇಜಿನ ಮೇಲೆ ಮಾಡಿದ ಲೆಕ್ಕ ಅದೇ. ಈ ಒಂದು ಕಾರಣಕ್ಕೆ ನನಗೆ ಸುಬ್ಬರಾವ್ ಪೈಯವರು ಪಾಠದ ಹೆಸರಾಗಿ ಉಳಿಯದೆ ಪರಿಚಯದವರಂತೆ ಕಾಣತೊಡಗಿದರು.

ರಾಜಿ ಮಾಡಿಸಿದರೆ ವಕೀಲರಿಗೆ ಫೀಸು ಕಡಿಮೆ ಎಂಬುದನ್ನೂ ಮರೆಯಬಾರದು. ಕೇಸು ವರ್ಷಗಟ್ಟಲೆ ನಡೆದಷ್ಟೂ ಆದಾಯ. ಹಾಗಿದ್ದೂ ಅವರು ಮಂಗಳೂರಿನ ಮುಂಚೂಣಿಯ ವಕೀಲರಾಗಿ ಬೆಳೆದರು. ಜನ ನಂಬಿದ್ದರಿಂದ ಕೆಲಸ ಬಂತು, ಕೆಲಸ ನೇರವಾಗಿದ್ದರಿಂದ ನಂಬಿಕೆ ಉಳಿಯಿತು.

ದುಡಿದ ಹೆಸರನ್ನೂ ಹಣವನ್ನೂ ಅವರು ಮೊದಲು ತೊಡಗಿಸಿದ್ದು ಶಾಲೆಗೆ. 1891ರಲ್ಲಿ ಕೆನರಾ ಹೈಸ್ಕೂಲು, 1894ರಲ್ಲಿ ಕೆನರಾ ಗರ್ಲ್ಸ್ ಹೈಸ್ಕೂಲು. ಹೆಣ್ಣುಮಕ್ಕಳಿಗೆ ಅಕ್ಷರ ಏಕೆ ಎಂದು ಎಲ್ಲ ಸಮುದಾಯಗಳ ಹಿರಿಯರೂ ಕೇಳುತ್ತಿದ್ದ ಕಾಲ ಅದು. ಕಳೆದ ರಜೆಯಲ್ಲಿ ಗೆಳತಿಯ ಜೊತೆ ತೋಡಾರಿನಿಂದ ಬಸ್ಸು ಹತ್ತಿ, ಮಿಜಾರು, ಕೈಕಂಬ, ಗುರುಪುರ ದಾಟಿ ಮಂಗಳೂರಿಗೆ ಹೋದಾಗ ಡೊಂಗರಕೇರಿಯ ಆ ಶಾಲೆಯನ್ನು ಹೊರಗಿನಿಂದ ನೋಡಿ ಬಂದೆ. ಮಕ್ಕಳು ಗೇಟಿನಿಂದ ಓಡಿ ಬರುತ್ತಿದ್ದರು. ಯಾರಿಗೂ ನಾವು ಏಕೆ ನಿಂತು ನೋಡುತ್ತಿದ್ದೇವೆ ಎಂದು ತಿಳಿಯಲಿಲ್ಲ.

ಈಗ 1906ಕ್ಕೆ ಬರೋಣ. ಸುಬ್ಬರಾವ್ ಪೈಯವರಿಗೆ ಆಗ 53 ವರ್ಷ. ಮಂಗಳೂರಿನಲ್ಲಿ ಬ್ಯಾಂಕ್ ಆಫ್ ಮದ್ರಾಸ್‌ನ ಶಾಖೆ ಇತ್ತು, ಆದರೆ ಅದು ದೊಡ್ಡ ವ್ಯಾಪಾರದ ಬ್ಯಾಂಕು. ಸಾಮಾನ್ಯ ಮನೆಯವರು ಉಳಿಸಿದ ಹತ್ತು ರೂಪಾಯಿ ಇಡಲು ಜಾಗವಿಲ್ಲ, ಕಷ್ಟಕ್ಕೆ ನೂರು ರೂಪಾಯಿ ಬೇಕಾದರೆ ಸಾಹುಕಾರರ ಬಾಗಿಲೇ ಗತಿ. ಆ ಬಾಗಿಲಿಗೆ ಹೋದವರ ಕಥೆ ಕೊನೆಗೆ ಬಂದು ನಿಲ್ಲುತ್ತಿದ್ದುದು ವಕೀಲರ ಕಚೇರಿಯಲ್ಲಿ. ಮೂವತ್ತು ವರ್ಷ ಕಥೆಯ ಕೊನೆಯನ್ನೇ ನೋಡಿದ ಮನುಷ್ಯ ಈಗ ಅದರ ಆರಂಭಕ್ಕೆ ಕೈ ಹಾಕಿದರು. 1906ರ ಜುಲೈ 1ರಂದು ಮಂಗಳೂರಿನಲ್ಲಿ ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’ ಆರಂಭವಾಯಿತು.

ಫಂಡ್ ಎಂಬ ಮಾದರಿ ಮದ್ರಾಸಿನಲ್ಲಿ ಆಗಲೇ ಇತ್ತು. ಮೈಲಾಪುರದಲ್ಲಿ 1872ರಿಂದಲೇ ಇಂಥದೊಂದು ಪರ್ಮನೆಂಟ್ ಫಂಡ್ ನಡೆಯುತ್ತಿತ್ತು. ಕೆಲವು ಫಂಡುಗಳು ಗೊತ್ತಾದ ಅವಧಿ ಮುಗಿದ ಮೇಲೆ ಹಣ ಹಂಚಿ ಮುಚ್ಚುತ್ತಿದ್ದವು. ಪರ್ಮನೆಂಟ್ ಎಂದರೆ ಮುಚ್ಚದೆ ಮುಂದುವರಿಯುವುದು. ಸದಸ್ಯರ ಉಳಿತಾಯವೇ ಬಂಡವಾಳ, ಅದರಿಂದಲೇ ಸಾಲ. ಅದರ ಉದ್ದೇಶಗಳನ್ನು ಓದಿದರೆ ಬ್ಯಾಂಕಿನದೋ ಶಾಲೆಯದೋ ಎಂದು ಅನುಮಾನ ಬರುತ್ತದೆ. ಅಜ್ಞಾನ, ಮೂಢನಂಬಿಕೆ ಹೋಗಬೇಕು, ಎಲ್ಲರಿಗೂ ಶಿಕ್ಷಣ ಸಿಗಬೇಕು, ಉಳಿತಾಯದ ಅಭ್ಯಾಸ ಬೆಳೆಯಬೇಕು, ಕಷ್ಟದಲ್ಲಿದ್ದವರಿಗೆ ನೆರವಾಗಬೇಕು ಎಂಬವೆಲ್ಲ ಅದರಲ್ಲಿವೆ.

ಅದೇ ವರ್ಷ, ಅದಕ್ಕೂ ಮೊದಲು, ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹದ್ದೂರ್ ಅವರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭಿಸಿದ್ದರು. ಮೊದಲ ದಿನದ ಕೊನೆಗೆ ಅದರ ಬಳಿ ಇದ್ದದ್ದು 38 ರೂಪಾಯಿ 13 ಆಣೆ 2 ಪೈ ಎಂದು ದಾಖಲೆ ಇದೆ. ಅದೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಒಂದೇ ಜಿಲ್ಲೆ, ಒಂದೇ ವರ್ಷ, ನಾಲ್ಕು ತಿಂಗಳೊಳಗೆ ಎರಡು ಬ್ಯಾಂಕು. ಒಂದನ್ನು ಕಟ್ಟಿದವರು ಮುಸ್ಲಿಂ ವ್ಯಾಪಾರಿ, ಇನ್ನೊಂದನ್ನು ಕಟ್ಟಿದವರು ಕೊಂಕಣಿ ಮಾತಾಡುವ ವಕೀಲರು. ನಮ್ಮ ಜಿಲ್ಲೆಯ ಬಗ್ಗೆ ಬೇಸರದ ಸುದ್ದಿ ಓದಿದಾಗಲೆಲ್ಲ ನಾನು ಈ ವರ್ಷವನ್ನು ನೆನಪು ಮಾಡಿಕೊಳ್ಳುತ್ತೇನೆ.

ಇನ್ನು ಮುಖ್ಯ ಘಟನೆ. ಮದ್ರಾಸಿನಲ್ಲಿ ಅರ್ಬತ್‌ನಾಟ್ ಎಂಬ ಬ್ರಿಟಿಷ್ ಸಂಸ್ಥೆ ಇತ್ತು. ಪ್ಯಾರಿ, ಬಿನ್ನಿ, ಅರ್ಬತ್‌ನಾಟ್ ಎಂದರೆ ಇಡೀ ಪ್ರಾಂತ್ಯಕ್ಕೆ ಗೊತ್ತು. ವ್ಯಾಪಾರದ ಜೊತೆಗೆ ಅರ್ಬತ್‌ನಾಟ್‌ನವರು ಸಾರ್ವಜನಿಕರಿಂದ ಠೇವಣಿಯನ್ನೂ ತೆಗೆದುಕೊಳ್ಳುತ್ತಿದ್ದರು. ಬಡ್ಡಿ ಬೇರೆ ಕಡೆಗಿಂತ ಹೆಚ್ಚು. ನಿವೃತ್ತ ನೌಕರರು, ವಿಧವೆಯರು, ಗುಮಾಸ್ತರು ನಂಬಿ ಹಣ ಇಟ್ಟಿದ್ದರು. ಅದು ಲಿಮಿಟೆಡ್ ಕಂಪನಿಯಲ್ಲ, ಪಾಲುದಾರಿಕೆ. ಒಳಗಿನ ಲೆಕ್ಕ ಹೊರಗಿನವರಿಗೆ ಕಾಣುತ್ತಿರಲಿಲ್ಲ. ಹಣ ಲಂಡನ್ನಿನ ಕಡೆ ಹರಿದು ಹೋಗಿ ಅಪಾಯದ ವ್ಯವಹಾರಗಳಲ್ಲಿ ಸಿಕ್ಕಿಕೊಂಡಿತ್ತು. 1906ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಪಾಲುದಾರ ಮ್ಯಾಕ್‌ಫೇಡಿಯನ್ ಪ್ರಾಣ ಕಳೆದುಕೊಂಡ. ಅಕ್ಟೋಬರ್ 22ರಂದು ಮದ್ರಾಸಿನ ಕಚೇರಿ ಬಾಗಿಲು ಮುಚ್ಚಿತು. ಸಾವಿರಾರು ಕುಟುಂಬಗಳ ಜೀವಮಾನದ ಉಳಿತಾಯ ಒಂದೇ ದಿನದಲ್ಲಿ ಕಾಗದವಾಯಿತು. ಸಂಸ್ಥೆಯ ಮುಖ್ಯಸ್ಥ ಸರ್ ಜಾರ್ಜ್ ಅರ್ಬತ್‌ನಾಟ್‌ಗೆ ಮುಂದೆ 18 ತಿಂಗಳ ಕಠಿಣ ಸಜೆಯಾಯಿತು.

ಅರ್ಬತ್‌ನಾಟ್ ಮುಳುಗಿದ್ದನ್ನು ಕಂಡು ಮಂಗಳೂರಿನಲ್ಲಿ ಕೆನರಾ ಬ್ಯಾಂಕ್ ಹುಟ್ಟಿತು ಎಂದು ನಾನೂ ಮೊದಲು ನಂಬಿದ್ದೆ. ದಿನಾಂಕಗಳನ್ನು ಪಕ್ಕಪಕ್ಕ ಬರೆದು ನೋಡಿದಾಗ ಅದು ಸರಿಯಲ್ಲ ಎಂದು ಗೊತ್ತಾಯಿತು. ಫಂಡ್ ಆರಂಭವಾದದ್ದು ಜುಲೈ 1, ಅರ್ಬತ್‌ನಾಟ್ ಬಿದ್ದದ್ದು ಅಕ್ಟೋಬರ್ 22. ಮಂಗಳೂರಿನ ಕೂಸಿಗೆ ನಾಲ್ಕು ತಿಂಗಳೂ ತುಂಬಿರಲಿಲ್ಲ. ನನಗೆ ಇದು ಕೇವಲ ತಾರೀಕಿನ ತಿದ್ದುಪಡಿ ಎನಿಸಲಿಲ್ಲ. ಸುಬ್ಬರಾವ್ ಪೈಯವರು ಎಚ್ಚರಗೊಳ್ಳಲು ಒಂದು ದೊಡ್ಡ ದುರಂತ ಬೇಕಾಗಿರಲಿಲ್ಲ. ಅವರ ಕಚೇರಿಗೆ ದಿನಾ ಬರುತ್ತಿದ್ದ ಸಣ್ಣ ಸಣ್ಣ ದುರಂತಗಳೇ ಸಾಕಾಗಿದ್ದವು.

ಅಷ್ಟು ದೊಡ್ಡ ಮನೆಯೇ ಬಿದ್ದ ಮೇಲೆ ಹೊಸ ಸಣ್ಣ ಫಂಡನ್ನು ಯಾರು ನಂಬುತ್ತಾರೆ? ಆದರೂ ಫಂಡ್ ಬದುಕಿತು. ಹಣ ಇಟ್ಟವರಿಗೆ ನಡೆಸುವವರ ಮುಖ ಗೊತ್ತಿತ್ತು, ಅವರ ಮನೆ ಗೊತ್ತಿತ್ತು. ಹಣ ಸಮುದ್ರ ದಾಟದೆ ಊರಿನೊಳಗೇ ಸುತ್ತುತ್ತಿತ್ತು. ಇದು ನನ್ನ ಊಹೆ, ಆದರೆ ಮಾಮನ ಅಂಗಡಿಯನ್ನು ಕಂಡ ಮೇಲೆ ಮಾಡಿದ ಊಹೆ. ಮಾಮನಿಗೆ ಕಂತು ಕೊಟ್ಟವರೆಲ್ಲ ಅವರನ್ನು ಹತ್ತು ವರ್ಷ ನೋಡಿದವರು.

ಮದ್ರಾಸಿನಲ್ಲಿ ಆ ಬಿರುಗಾಳಿಯ ನಡುವೆ ನಿಂತ ಇನ್ನೊಬ್ಬ ವಕೀಲರ ಹೆಸರನ್ನು ಇಲ್ಲಿ ಹೇಳಲೇಬೇಕು. ವಿ. ಕೃಷ್ಣಸ್ವಾಮಿ ಅಯ್ಯರ್. 1863ರಲ್ಲಿ ತಂಜಾವೂರು ಜಿಲ್ಲೆಯಲ್ಲಿ ಹುಟ್ಟಿ, ಮದ್ರಾಸ್ ಹೈಕೋರ್ಟಿನಲ್ಲಿ ಹೆಸರು ಮಾಡಿದವರು. ಅರ್ಬತ್‌ನಾಟ್ ದಿವಾಳಿಯಾದಾಗ ಹಣ ಕಳೆದುಕೊಂಡವರ ಪರವಾಗಿ ಕೋರ್ಟಿನಲ್ಲಿ ನಿಂತರು. ಪ್ರಾಂತ್ಯದಲ್ಲೇ ಅತಿ ದೊಡ್ಡ ದಿವಾಳಿ ಪ್ರಕರಣ, ಎದುರಿಗೆ ಆಳುವವರ ಬಳಗದ ಸಂಸ್ಥೆ. ಕೇಸಿನಲ್ಲಿ ಸಿಕ್ಕಿದ ಕೀರ್ತಿಗೆ ಅವರು ತೃಪ್ತರಾಗಲಿಲ್ಲ. ಜನರ ಉಳಿತಾಯಕ್ಕೆ ನಮ್ಮವರದೇ ಬ್ಯಾಂಕು ಬೇಕು ಎಂದು ಕೆಲವೇ ವಾರಗಳಲ್ಲಿ ಊರಿನ ಪ್ರಮುಖರನ್ನೂ ಚೆಟ್ಟಿಯಾರ್ ವರ್ತಕರನ್ನೂ ಒಟ್ಟು ಸೇರಿಸಿದರು. 1907ರ ಮಾರ್ಚ್‌ನಲ್ಲಿ ನೋಂದಣಿಯಾಗಿ ಆಗಸ್ಟ್ 15ರಂದು ಇಂಡಿಯನ್ ಬ್ಯಾಂಕ್ ಕೆಲಸ ಆರಂಭಿಸಿತು. ಅವರು 1909ರಲ್ಲಿ ಹೈಕೋರ್ಟ್ ನ್ಯಾಯಾಧೀಶರಾದರು, 1911ರ ಡಿಸೆಂಬರ್ 28ರಂದು 48ನೇ ವಯಸ್ಸಿನಲ್ಲಿ ತೀರಿಕೊಂಡರು.

ಇಬ್ಬರನ್ನೂ ಪಕ್ಕದಲ್ಲಿಟ್ಟು ನೋಡಿದರೆ ದಿವಾಳಿ ವಕೀಲಿಯ ಎರಡು ಬಗೆ ಕಾಣುತ್ತವೆ. ಕೃಷ್ಣಸ್ವಾಮಿ ಅಯ್ಯರ್ ಬಿದ್ದ ಮನೆಯ ಲೆಕ್ಕ ಕೇಳಿದವರು, ಬಿದ್ದ ಮೇಲೆ ಹೊಸ ಮನೆ ಕಟ್ಟಿದವರು. ಸುಬ್ಬರಾವ್ ಪೈ ಬೀಳುವ ಮೊದಲೇ ಊರೆಗೋಲು ಇಟ್ಟವರು. ಮೊದಲನೆಯವರ ಕೆಲಸ ಇಡೀ ನಗರಕ್ಕೆ ಕಂಡಿತು. ಎರಡನೆಯವರ ಕೆಲಸದ ಬಹುಪಾಲು ಯಾವ ಕೋರ್ಟಿನ ಕಡತದಲ್ಲೂ ಇಲ್ಲ, ಏಕೆಂದರೆ ಆ ಜಗಳಗಳು ಕೋರ್ಟಿಗೆ ಬರಲೇ ಇಲ್ಲ.

ಅದೇ ಸಮಯದಲ್ಲಿ ಬಿನ್ನಿ ಸಂಸ್ಥೆಯೂ ಮುಳುಗುವ ಹಂತಕ್ಕೆ ಬಂದಿತ್ತು. ಬೆಂಗಳೂರಿನ ಬಿನ್ನಿ ಮಿಲ್ ಹೆಸರು ನೀವು ಕೇಳಿರುತ್ತೀರಿ. ಮುಂದೆ ಲಾರ್ಡ್ ಇಂಚ್‌ಕೇಪ್ ಎನಿಸಿದ ಜೇಮ್ಸ್ ಮೆಕೇ ಅವರ ಬಳಗ ಬಿನ್ನಿಯನ್ನು ಕೈಗೆತ್ತಿಕೊಂಡು, ಲಿಮಿಟೆಡ್ ಕಂಪನಿಯಾಗಿ ಮರುರೂಪಿಸಿ ಉಳಿಸಿತು. ಒಂದೇ ಊರು, ಒಂದೇ ವರ್ಷ. ಅರ್ಬತ್‌ನಾಟ್‌ಗೆ ವಿಸರ್ಜನೆ, ಬಿನ್ನಿಗೆ ಪುನರ್‌ರಚನೆ. ನಮ್ಮ ಪಠ್ಯದಲ್ಲಿ ಮೊದಲನೆಯದಕ್ಕೆ ಒಂದು ಅಧ್ಯಾಯವೇ ಇದೆ. ಎರಡನೆಯದರ ಬೆಲೆ ನನಗೆ ಗೊತ್ತಾದದ್ದು ಮನೆಯಲ್ಲಿ.

ಸುಬ್ಬರಾವ್ ಪೈಯವರಿಗೆ ಹೆಚ್ಚು ಕಾಲ ಸಿಗಲಿಲ್ಲ. 1909ರ ಜುಲೈ 25ರಂದು, 56ನೇ ವಯಸ್ಸಿನಲ್ಲಿ ತೀರಿಕೊಂಡರು. ಫಂಡಿಗೆ ಆಗ ಮೂರು ವರ್ಷ. ಅದು ಹೆಸರು ಬದಲಿಸಿ ಕೆನರಾ ಬ್ಯಾಂಕ್ ಲಿಮಿಟೆಡ್ ಆದದ್ದು 1910ರಲ್ಲಿ. ಅಂದರೆ ಇಂದು ದೇಶಕ್ಕೆಲ್ಲ ಗೊತ್ತಿರುವ ಹೆಸರಿನ ಫಲಕವನ್ನು ಅದರ ಸ್ಥಾಪಕರು ನೋಡಲೇ ಇಲ್ಲ. 1969ರ ಜುಲೈ 19ರಂದು ರಾಷ್ಟ್ರೀಕರಣವಾದ 14 ಬ್ಯಾಂಕುಗಳಲ್ಲಿ ಅದೂ ಒಂದು. 2020ರ ಏಪ್ರಿಲ್ 1ರಂದು ನಮ್ಮದೇ ಜಿಲ್ಲೆಯ ಇನ್ನೊಂದು ಬ್ಯಾಂಕಾದ ಸಿಂಡಿಕೇಟ್ ಅದರಲ್ಲಿ ವಿಲೀನವಾಯಿತು. ಅದೇ ದಿನ ಹಾಜಿ ಅಬ್ದುಲ್ಲಾ ಅವರ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿತು. ಆರಂಭದ ಹೆಸರಿನಲ್ಲಿ ಒಂದು ಸಮುದಾಯದ ಗುರುತಿದ್ದ ಫಂಡು ಇಂದು ತೋಡಾರಿನ ನನ್ನಂಥ ಬ್ಯಾರಿ ಹುಡುಗಿಗೂ ವಿದ್ಯಾರ್ಥಿವೇತನದ ಹಣ ತಲುಪಿಸುತ್ತಿದೆ.

ಈಗ ನಮ್ಮ ಕಾಲದ ಮಾತು. ಇಂದು ದಿವಾಳಿ ಮತ್ತು ಕಂಪನಿ ಪುನರ್‌ರಚನೆ ಎಂಬುದು ವಕೀಲರಿಗೆ ಪ್ರತ್ಯೇಕ ವೃತ್ತಿಕ್ಷೇತ್ರ. 2016ರಲ್ಲಿ ದಿವಾಳಿ ಸಂಹಿತೆ ಬಂದ ಮೇಲೆ ಕಂಪನಿ ಸಾಲ ತೀರಿಸದಿದ್ದರೆ ಪ್ರಕರಣ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗುತ್ತದೆ. ಅದರ ಪೀಠ ಬೆಂಗಳೂರಿನಲ್ಲೂ ಇದೆ. ನ್ಯಾಯಮಂಡಳಿ ಪ್ರಕರಣವನ್ನು ವಿಚಾರಣೆಗೆ ಅಂಗೀಕರಿಸಿದ ಕೂಡಲೇ ಬೇರೆ ವಸೂಲಿಗಳೆಲ್ಲ ನಿಲ್ಲುತ್ತವೆ. ಕಂಪನಿ ನಡೆಸಲು ಒಬ್ಬ ವೃತ್ತಿಪರರನ್ನು ನೇಮಿಸುತ್ತಾರೆ. ಸಾಲ ಕೊಟ್ಟ ಬ್ಯಾಂಕುಗಳ ಸಮಿತಿ ಕೂತು, ಕಂಪನಿ ಉಳಿಸುವ ಯೋಜನೆಯನ್ನು ಶೇ. 66 ಮತಗಳಿಂದ ಒಪ್ಪಬೇಕು. ಇದಕ್ಕೆ 180 ದಿನ, ಎಳೆದರೆ 330 ದಿನ ಎಂದು ಕಾನೂನು ಹೇಳುತ್ತದೆ. ಎಷ್ಟೋ ಪ್ರಕರಣಗಳು ಅದನ್ನೂ ಮೀರಿ ಹೋಗುತ್ತವೆ. ಉಳಿಸಲು ಆಗದಿದ್ದರೆ ಕೊನೆಗೆ ವಿಸರ್ಜನೆ.

ಈ ದಾರಿ ಮುಖ್ಯವಾಗಿ ಕಂಪನಿಗಳಿಗೆ. ಮಾಮನ ಅಂಗಡಿಯಂಥ ಸಾಮಾನ್ಯ ಪಾಲುದಾರಿಕೆ ಅದರೊಳಗೆ ಬರುವುದಿಲ್ಲ. ಸಣ್ಣವರಿಗೆ ಇಂದಿಗೂ ಬೇಕಾಗಿರುವುದು ಎಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸಬಲ್ಲ ವಕೀಲರು. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಸಮಯ ಕೊಡಬೇಕೆಂದು ಮದ್ರಸದಲ್ಲಿ ಉಸ್ತಾದರು ನಮಗೆ ಕಲಿಸಿದ್ದಾರೆ. ಆದರೆ ಎಷ್ಟು ಸಮಯ, ಯಾರಿಗೆ ಎಷ್ಟು ಕಂತು, ಮಾತು ತಪ್ಪಿದರೆ ಏನು ಎಂದು ಬರೆದು ಸಹಿ ಹಾಕಿಸಲು ಕಾನೂನು ತಿಳಿದವರು ಬೇಕು. ಬರೆಯದ ಕರುಣೆ ಆರು ತಿಂಗಳಲ್ಲಿ ಹೊಸ ಜಗಳವಾಗುವುದನ್ನು ನಾವೆಲ್ಲ ನೋಡಿದ್ದೇವೆ.

ವಾಣಿಜ್ಯ ಓದುತ್ತಿರುವ ಗೆಳೆಯ ಗೆಳತಿಯರಿಗೆ ಒಂದು ಮಾತು. ಪಿಯುಸಿ ಆದ ಮೇಲೆ ಸಿ.ಎ. ಮತ್ತು ಬಿ.ಕಾಂ. ಎರಡೇ ದಾರಿ ಎಂದು ನಾವು ಅಂದುಕೊಂಡಿರುತ್ತೇವೆ. ಐದು ವರ್ಷದ ಕಾನೂನು ಪದವಿಯೂ ಇದೆ, ಮಂಗಳೂರಿನಲ್ಲೇ ಕಲಿಯಬಹುದು. ಬ್ಯಾಲೆನ್ಸ್ ಶೀಟು ಓದಲು ಬರುವ ವಕೀಲರಿಗೆ ಈ ಕ್ಷೇತ್ರದಲ್ಲಿ ಕೆಲಸವಿದೆ. ವಕೀಲರೆಂದರೆ ಜಗಳ ಹಚ್ಚುವವರು ಎಂದು ಮನೆಯಲ್ಲಿ ಹೇಳಿದರೆ ಸುಬ್ಬರಾವ್ ಪೈಯವರ ಕಥೆ ಹೇಳಿ.

ನಾನು ನಮ್ಮ ಮನೆಯಲ್ಲಿ ಹೇಳಿದ್ದೇನೆ. ಉಪ್ಪ ಯೋಚಿಸೋಣ ಎಂದಿದ್ದಾರೆ. ಉಮ್ಮ ಇನ್ನೂ ಪೂರ್ತಿ ಒಪ್ಪಿಲ್ಲ. ಹುಡುಗಿ ಕೋರ್ಟಿಗೆ ಹೋಗುವುದೇ ಎಂಬುದು ಅವರ ಚಿಂತೆ. ಮೊನ್ನೆ ಮಾಮ ಮನೆಗೆ ಬಂದಿದ್ದರು. ಈ ತಿಂಗಳ ಕಂತು ಕಟ್ಟಿ ಬಂದ ರಸೀದಿಯನ್ನು ಜೇಬಿನಿಂದ ತೆಗೆದು ಉಮ್ಮನಿಗೆ ತೋರಿಸಿದರು. ಇನ್ನು 19 ಕಂತು ಬಾಕಿ ಇದೆ. ಉಮ್ಮ ಆ ರಸೀದಿಯನ್ನು ಬಹಳ ಹೊತ್ತು ನೋಡಿ, ಮಡಚಿ ಹಿಂದಕ್ಕೆ ಕೊಟ್ಟು, ಕಾನೂನು ಕಾಲೇಜಿಗೆ ಫೀಸು ಎಷ್ಟಾಗುತ್ತದೆ ಎಂದು ನನ್ನನ್ನು ಕೇಳಿದರು.